ನಿಂತ ಮೋಟಾರಿಗೆ ಡ್ರೈವ್ ಹೊಂದಿಸುವ ಕ್ರಮ

ಕೊಳವೆ ಬಾವಿಯನ್ನೇ ನೆಚ್ಚಿ ಬೇಸಿಗೆ ಬೆಳೆ ಇಟ್ಟವರಿಗೆ ಮೋಟಾರು ಕೆಡುವುದೆಂದರೆ ಅದು ಬರಿಯ ಯಂತ್ರ ದುರಸ್ತಿಯ ಮಾತಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ನಮ್ಮ ಕೆಂಪು ಮರಳುಮಿಶ್ರಿತ ಗೋಡು ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 10 ಸೆಂ.ಮೀ. ನೀರನ್ನು ಬೆಳೆಗೆ ಒದಗುವ ರೂಪದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮುಸುಕಿನ ಜೋಳದ ಬೇರು 60 ಸೆಂ.ಮೀ. ಆಳದವರೆಗೆ ನೀರು ಹೀರುತ್ತದೆ ಎಂದಿಟ್ಟುಕೊಂಡರೆ, ಬೆಳೆಯ ಪಾಲಿಗೆ ಇರುವುದು 6 ಸೆಂ.ಮೀ. ಇದರಲ್ಲಿ ಅರ್ಧ ಖರ್ಚಾಗುವ ಹೊತ್ತಿಗೆ ಮತ್ತೆ ನೀರು ಹಾಯಿಸಬೇಕು. ಬೇಸಿಗೆಯಲ್ಲಿ ತುಂಬಿ ನಿಂತ ಜೋಳ ದಿನಕ್ಕೆ 6 ಮಿ.ಮೀ.ನಷ್ಟು, ಅಂದರೆ ಎಕರೆಗೆ 24,000 ಲೀಟರ್‌ನಷ್ಟು ನೀರು ಬಳಸುತ್ತದೆ. ಆದುದರಿಂದ ಎರಡು ನೀರಿನ ನಡುವಿನ ಅಂತರ 5 ದಿನ ಮಾತ್ರ.

ಈಗ ಮೋಟಾರು ಸುಟ್ಟಿತೆನ್ನಿ. ಪೈಪು ಎತ್ತುವವರನ್ನು ಹುಡುಕಬೇಕು, ಮೋಟಾರನ್ನು ಪೇಟೆಗೆ ಒಯ್ಯಬೇಕು, ಸುರುಳಿ ಸುತ್ತಿಸಬೇಕು, ಮತ್ತೆ ಇಳಿಸಬೇಕು. ನಾಲ್ಕೈದು ದಿನ ಹೋಗಿಯೇ ಹೋಗುತ್ತದೆ. ಜೋಳ ಸೂಲಂಗಿ ಒಡೆದು ತೆನೆಯಲ್ಲಿ ರೇಷ್ಮೆ ಬರುವ ಕಾಲಕ್ಕೆ ಇದು ಒದಗಿದರೆ ಕಾಳು ಕಟ್ಟುವುದೇ ನಿಲ್ಲುತ್ತದೆ, ಅನಂತರ ಎಷ್ಟು ನೀರು ಕೊಟ್ಟರೂ ಆ ನಷ್ಟ ತುಂಬುವುದಿಲ್ಲ. ಬೇಸಾಯಶಾಸ್ತ್ರದವನಿಗೆ ಮೋಟಾರಿನ ಉಸಾಬರಿ ಏಕೆಂದು ಕೇಳುವವರಿಗೆ ಇದೇ ಉತ್ತರ.

ಈಚಿನ ವರ್ಷಗಳಲ್ಲಿ ಪಂಪ್‌ಮನೆಗೆ ಒಂದು ಹೊಸ ಪೆಟ್ಟಿಗೆ ಬಂದಿದೆ. ಮೋಟಾರಿಗೆ ಹೋಗುವ ವಿದ್ಯುತ್ತಿನ ಆವರ್ತನ ಮತ್ತು ವೋಲ್ಟೇಜ್ ಎರಡನ್ನೂ ಏರಿಳಿಸಿ ಮೋಟಾರಿನ ವೇಗವನ್ನು ಹದದಲ್ಲಿಡುವ ಈ ಸಾಧನಕ್ಕೆ ಡ್ರೈವ್ ಅಥವಾ ವಿ.ಎಫ್.ಡಿ. ಎನ್ನುತ್ತಾರೆ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಪಿ.ಎಂ. ಕುಸುಮ್ ಯೋಜನೆಯಲ್ಲಿ ಸೌರ ಪಂಪು ಹಾಕಿಸಿಕೊಂಡವರ ಹೊಲದಲ್ಲಿ 'ಕಂಟ್ರೋಲರ್' ಎಂದು ಕರೆಯುವ ಪೆಟ್ಟಿಗೆಯೂ ಇದೇ ಜಾತಿಯದು. ಬಿಸಿಲು ಏರಿದಂತೆ ವೇಗ ಹೆಚ್ಚಿಸಿ, ಮೋಡ ಬಂದಾಗ ಇಳಿಸಿ, ಇದ್ದ ಬಿಸಿಲಿಗೆ ತಕ್ಕಷ್ಟು ನೀರೆತ್ತುವುದು ಅದರ ಕೆಲಸ. ಸರಿಯಾಗಿ ಹೊಂದಿಸಿದ ಡ್ರೈವ್ ಮೋಟಾರನ್ನು ಕಾಯುತ್ತದೆ. ಹೊಂದಿಸದ ಡ್ರೈವ್ ಕಾರಣವಿಲ್ಲದೆ ಟ್ರಿಪ್ ಆಗುತ್ತದೆ, ಇಲ್ಲವೇ ಟ್ರಿಪ್ ಆಗಬೇಕಾದಾಗ ಆಗದೆ ಮೋಟಾರನ್ನು ಸುಡುತ್ತದೆ.

ಬೋರಿನ ಮೋಟಾರನ್ನು ಬರಿದೆ ಓಡಿಸಲಾಗದು

ಡ್ರೈವ್ ತನ್ನ ಮೋಟಾರನ್ನು ಅರಿತುಕೊಳ್ಳುವ ಕ್ರಿಯೆಗೆ ಟ್ಯೂನಿಂಗ್ ಎಂದು ಹೆಸರು. ಇದರಲ್ಲಿ ಎರಡು ವಿಧ. ಮೊದಲನೆಯದರಲ್ಲಿ ಮೋಟಾರನ್ನು ಹೊರೆಯಿಂದ ಬಿಡಿಸಿ, ಬರಿದೆ ಪೂರ್ಣ ವೇಗದ ಸಮೀಪಕ್ಕೆ ಓಡಿಸಿ ಅಳೆಯುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ಇದು ಸುಲಭ, ಬೆಲ್ಟು ಕಳಚಿದರಾಯಿತು. ಆದರೆ ನೂರು ಮೀಟರ್ ಆಳದಲ್ಲಿ ಪಂಪಿಗೆ ಕಚ್ಚಿಕೊಂಡು ನೀರಿನಲ್ಲಿ ಮುಳುಗಿರುವ ಸಬ್‌ಮರ್ಸಿಬಲ್ ಮೋಟಾರನ್ನು ಬಿಡಿಸುವುದು ಎಲ್ಲಿಂದ? ಮೇಲಕ್ಕೆತ್ತಿ ನೀರಿಲ್ಲದೆ ಓಡಿಸುವಂತೆಯೂ ಇಲ್ಲ, ಅದರ ಬೇರಿಂಗುಗಳಿಗೆ ನೀರೇ ಎಣ್ಣೆ. ಆದುದರಿಂದ ನಮಗೆ ಉಳಿಯುವುದು ಎರಡನೆಯ ವಿಧ, ಮೋಟಾರು ನಿಂತಿರುವಂತೆಯೇ ಮಾಡುವ ಟ್ಯೂನಿಂಗ್. ಡ್ರೈವಿನ ಕೈಪಿಡಿಯಲ್ಲಿ 'ಸ್ಟ್ಯಾಟಿಕ್' ಅಥವಾ 'ಸ್ಟ್ಯಾಂಡ್‌ಸ್ಟಿಲ್' ಆಟೋ ಟ್ಯೂನಿಂಗ್ ಎಂದು ಕಾಣುವುದು ಇದೇ.

ನಿಂತ ಮೋಟಾರನ್ನು ಅಳೆಯುವುದು ಹೇಗೆ ಎಂಬುದು ತಿಳಿದರೆ ಮುಂದಿನ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ಡ್ರೈವ್ ಮೊದಲು ಎರಡು ತಂತಿಗಳ ಮೂಲಕ ನೇರ ವಿದ್ಯುತ್ತನ್ನು ಮಿತವಾಗಿ ಹರಿಸುತ್ತದೆ. ನೇರ ವಿದ್ಯುತ್ತಿಗೆ ಮೋಟಾರು ತಿರುಗುವುದಿಲ್ಲ. ಕೊಟ್ಟ ವೋಲ್ಟೇಜನ್ನು ಹರಿದ ಕರೆಂಟಿನಿಂದ ಭಾಗಿಸಿದರೆ ಸುರುಳಿಯ ರೋಧ ಸಿಗುತ್ತದೆ. ಬಳಿಕ ಒಂದೇ ನೇರದಲ್ಲಿ ಹಿಂದೆಮುಂದೆ ತುಯ್ಯುವ ಪರ್ಯಾಯ ವಿದ್ಯುತ್ತನ್ನು ಕೊಡುತ್ತದೆ. ಒಂದು ಫೇಸು ಹೋದಾಗ ನಿಂತ ಮೋಟಾರು ಗುಂಯ್‌ಗುಟ್ಟುವುದೇ ಹೊರತು ತಿರುಗುವುದಿಲ್ಲ ಎಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಕಾರಣ ಇಷ್ಟೆ: ಕಾಂತಕ್ಷೇತ್ರ ಸುತ್ತುವ ಬದಲು ಒಂದೇ ಗೆರೆಯಲ್ಲಿ ಹೋಗಿ ಬರುತ್ತಿರುತ್ತದೆ. ಡ್ರೈವ್ ಅದೇ ಸ್ಥಿತಿಯನ್ನು ಬೇಕೆಂದೇ ಉಂಟುಮಾಡುತ್ತದೆ. ವ್ಯತ್ಯಾಸವೆಂದರೆ, ಫೇಸು ಹೋದಾಗ ಮೋಟಾರು ತನ್ನ ಮಾಮೂಲಿನ ಹಲವು ಪಟ್ಟು ಕರೆಂಟು ಎಳೆದು ಸುಡುತ್ತದೆ, ಇಲ್ಲಿ ಡ್ರೈವ್ ಕರೆಂಟನ್ನು ಹಿಡಿತದಲ್ಲಿಟ್ಟು ಕೆಲವು ಸೆಕೆಂಡುಗಳಲ್ಲಿ ಮುಗಿಸುತ್ತದೆ. ಇದರಿಂದ ಸುರುಳಿಯ ಸೋರಿಕೆ ಇಂಡಕ್ಟೆನ್ಸ್ ತಿಳಿಯುತ್ತದೆ.

ಮೋಟಾರು ಬರಿದೆ ಓಡುವಾಗ ಕಾಂತಕ್ಷೇತ್ರಕ್ಕಾಗಿಯೇ ಎಳೆಯುವ ಕರೆಂಟನ್ನು ಮಾತ್ರ ನಿಂತಲ್ಲಿ ಚೆನ್ನಾಗಿ ಅಳೆಯಲಾಗದು. ಅದನ್ನು ಡ್ರೈವ್ ನಾಮಫಲಕದ ಅಂಕಿಗಳಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಭಾರ ಎತ್ತುವ ಯಂತ್ರಗಳಿಗೆ ಈ ಅಂದಾಜು ಸಾಲದು. ಪಂಪಿಗೆ ಸಾಕು, ಏಕೆಂದರೆ ಪಂಪು ಕಡಿಮೆ ವೇಗದಲ್ಲಿ ಕಡಿಮೆ ಬಲವನ್ನೇ ಬೇಡುತ್ತದೆ. ಹಾಗಾಗಿ ನಿಂತ ಟ್ಯೂನಿಂಗ್ ಅರೆಬರೆ ಕೆಲಸವೆಂದು ಹೇಳುವವರ ಮಾತಿಗೆ ಕೊಳವೆ ಬಾವಿಯ ಮಟ್ಟಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ನಾಮಫಲಕ ನೀರಿನಡಿ ಇದೆ

ಮೇಲಿನ ಮಾತಿನಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಫಲಕದ ಅಂಕಿ ತಪ್ಪಿದರೆ ಟ್ಯೂನಿಂಗ್ ತಪ್ಪುತ್ತದೆ. ಆದರೆ ಮೋಟಾರಿನ ಫಲಕ ಮೋಟಾರಿನ ಜೊತೆಗೇ ಬೋರಿನೊಳಗೆ ಇಳಿದಿರುತ್ತದೆ! ಇಳಿಸುವ ಮುನ್ನವೇ ಫಲಕದ ಚಿತ್ರ ತೆಗೆದಿಟ್ಟುಕೊಳ್ಳಿ ಅಥವಾ ಅಂಕಿಗಳನ್ನು ಪಂಪ್‌ಮನೆಯ ಬಾಗಿಲ ಹಿಂದೆ ಬಣ್ಣದಲ್ಲಿ ಬರೆಯಿಸಿ. ಅಶ್ವಶಕ್ತಿ, ವೋಲ್ಟೇಜ್, ಕರೆಂಟು, ಆವರ್ತನ, ನಿಮಿಷಕ್ಕೆ ಸುತ್ತು, ಪವರ್ ಫ್ಯಾಕ್ಟರ್ ಇವಿಷ್ಟು ಬೇಕು.

ಸುತ್ತುಗಳ ಅಂಕಿಯಲ್ಲಿ ಬಹಳ ಮಂದಿ ಎಡವುತ್ತಾರೆ. ಎರಡು ಧ್ರುವದ ಮೋಟಾರೆಂದು 3000 ಎಂದು ಒತ್ತಿಬಿಡುತ್ತಾರೆ. ಫಲಕದಲ್ಲಿ 2850 ಎಂದಿದ್ದರೆ 2850 ಎಂದೇ ಕೊಡಬೇಕು. ನಡುವಿನ 150 ಸುತ್ತು, ಅಂದರೆ 2.5 ಹರ್ಟ್ಸ್, ಹೊರೆ ಹೊತ್ತಾಗ ರೋಟರು ಹಿಂದೆ ಬೀಳುವ ಪ್ರಮಾಣ. 3000 ಎಂದು ಕೊಟ್ಟರೆ ಈ ಮೋಟಾರು ಹಿಂದೆ ಬೀಳುವುದೇ ಇಲ್ಲವೆಂದು ಡ್ರೈವಿಗೆ ಹೇಳಿದಂತಾಯಿತು. ವೋಲ್ಟೇಜನ್ನೂ ಊಹಿಸಬಾರದು. ಜಾಲದ ವಿದ್ಯುತ್ತಿನ ಮೂರು ಫೇಸ್ ಮೋಟಾರಿಗೆ ಸಾಮಾನ್ಯವಾಗಿ 415 ವೋಲ್ಟ್ ಇದ್ದರೂ, ಸೌರ ಪಂಪಿಗೆಂದೇ ಸುತ್ತಿದ ಮೋಟಾರುಗಳಲ್ಲಿ ಅದಕ್ಕಿಂತ ಕಡಿಮೆ ಇರಬಹುದು. ಅಂಥದಕ್ಕೆ 415 ಕೊಟ್ಟರೆ ಸುರುಳಿ ಬಹಳ ದಿನ ಬಾಳದು.

ಸುರುಳಿ ಮರುಸುತ್ತಿಸಿದ ಮೋಟಾರಿನ ಕಥೆ ಬೇರೆ. ತಂತಿಯ ದಪ್ಪವೋ ಸುತ್ತಿನ ಎಣಿಕೆಯೋ ಬದಲಾಗಿದ್ದರೆ ಹಳೆಯ ಫಲಕ ಹೆಸರಿಗೆ ಮಾತ್ರ. ಸುತ್ತಿದವರಿಂದ ಎಷ್ಟು ಕರೆಂಟಿಗೆ ಸುತ್ತಿದ್ದಾರೆಂಬುದನ್ನು ಬರೆಯಿಸಿಕೊಳ್ಳಿ. ಇಂಥ ಮೋಟಾರಿಗೆ ಟ್ಯೂನಿಂಗ್ ಇನ್ನೂ ಅಗತ್ಯ, ಏಕೆಂದರೆ ಕಾರ್ಖಾನೆಯಿಂದ ಡ್ರೈವಿನಲ್ಲಿ ತುಂಬಿ ಬಂದ ಅಂದಾಜು ರೋಧಕ್ಕೂ ಇದಕ್ಕೂ ಸಂಬಂಧವೇ ಇರುವುದಿಲ್ಲ.

ಟ್ಯೂನ್ ಮಾಡುವ ಮುನ್ನ ಕೈ ಅಳತೆ

ಡ್ರೈವ್ ತಾನಾಗಿ ಅಳೆಯುವ ಮುನ್ನ ನಾವು ಒಮ್ಮೆ ಅಳೆಯಬೇಕು. ಮೆಕ್ಯಾನಿಕ್‌ಗಳು ಈ ಹಂತವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ತಿಳಿಸುವ ಹಂತ ಇದೇ.

ಮೊದಲು ಮೇನ್ ಸ್ವಿಚ್ಚನ್ನು ತೆಗೆಯಿರಿ. ಸೌರ ಪಂಪಾದರೆ ಫಲಕಗಳಿಂದ ಬರುವ ಡಿ.ಸಿ. ಸ್ವಿಚ್ಚನ್ನೂ ತೆಗೆಯಬೇಕು, ಬಿಸಿಲಿರುವವರೆಗೆ ಆ ತಂತಿಗಳಲ್ಲಿ ಜೀವವಿರುತ್ತದೆ. ಡ್ರೈವಿನೊಳಗಿನ ಕಪಾಸಿಟರುಗಳು ಸ್ವಿಚ್ಚು ತೆಗೆದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ. ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು, ಏನೂ ಹೇಳಿಲ್ಲದಿದ್ದರೂ ಕನಿಷ್ಠ 10 ನಿಮಿಷ, ಕಾದು ಮೀಟರಿನಿಂದ ಪರೀಕ್ಷಿಸಿದ ಮೇಲೆಯೇ ತಂತಿ ಮುಟ್ಟಿ. ಇದನ್ನು ಪರಿಚಿತ ಎಲೆಕ್ಟ್ರೀಷಿಯನ್ನರ ಕೈಯಲ್ಲಿ ಮಾಡಿಸುವುದು ಕ್ಷೇಮ. ರೈತರು ಪಕ್ಕದಲ್ಲಿ ನಿಂತು ಅಂಕಿಗಳನ್ನು ಬರೆದುಕೊಂಡರೆ ಸಾಕು.

ಬೋರಿನಿಂದ ಬಂದ ಮೂರು ತಂತಿಗಳನ್ನು ಡ್ರೈವಿನಿಂದ ಬಿಡಿಸಿ, ಎರಡೆರಡರ ನಡುವಿನ ರೋಧವನ್ನು ಮೀಟರಿನಲ್ಲಿ ಓದಬೇಕು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ತೋರುವ ಸಣ್ಣ ಅಂಕಿಯನ್ನು ಕಳೆಯುವುದನ್ನು ಮರೆಯಬಾರದು. ಉದಾಹರಣೆಗೆ 5 ಅಶ್ವಶಕ್ತಿಯ ಮೋಟಾರು, 120 ಮೀಟರ್ ಉದ್ದದ 4 ಚದರ ಮಿ.ಮೀ. ತಾಮ್ರದ ಕೇಬಲ್ ಎಂದುಕೊಳ್ಳೋಣ. ಮೂರು ಅಳತೆಗಳೂ 4.6 ಓಂ ಬಂದಿವೆ. ಇದರಲ್ಲಿ ಮೋಟಾರಿನ ಪಾಲೆಷ್ಟು, ಕೇಬಲ್ಲಿನ ಪಾಲೆಷ್ಟು? ಒಂದು ಚದರ ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ 0.0175 ಓಂ ರೋಧ. ಅದನ್ನು 120ರಿಂದ ಗುಣಿಸಿ 4ರಿಂದ ಭಾಗಿಸಿದರೆ ಒಂದು ತಂತಿಗೆ 0.525 ಓಂ. ಹೋಗಿ ಬರುವ ಎರಡು ತಂತಿಗೆ 1.05 ಓಂ. ಉಳಿದ 3.55 ಓಂ ಮೋಟಾರಿನದು. ಅದೇ ಕೇಬಲ್ 2.5 ಚದರ ಮಿ.ಮೀ. ಆಗಿದ್ದರೆ ಕೇಬಲ್ಲೊಂದೇ 1.68 ಓಂ ತಿನ್ನುತ್ತಿತ್ತು. ತೆಳುವಾದ ಕೇಬಲ್ಲಿನಲ್ಲಿ ಉಳಿಸಿದ ಹಣ ಮೋಟಾರು ಚಾಲೂ ಆಗುವಾಗ ವೋಲ್ಟೇಜ್ ಕುಸಿತವಾಗಿ ಹೇಗೆ ಹೊರಬರುತ್ತದೆಂಬುದು ಈ ಅಂಕಿಯಲ್ಲಿಯೇ ಇದೆ.

ಮೂರು ಅಳತೆಗಳು ಒಂದಕ್ಕೊಂದು ಸಮವಾಗಿರಬೇಕು. ಆರ್ ಮತ್ತು ವೈ ನಡುವೆ 4.6, ಆದರೆ ವೈ ಮತ್ತು ಬಿ ನಡುವೆ 5.8, ಬಿ ಮತ್ತು ಆರ್ ನಡುವೆಯೂ 5.8 ಬಂದರೆ ಏನರ್ಥ? ಹೆಚ್ಚಾದ ಎರಡೂ ಅಳತೆಗಳಲ್ಲಿ ಇರುವುದು ಬಿ ತಂತಿ. ಆ ತಂತಿಯ ಜೋಡಣೆಯಲ್ಲಿ ಎಲ್ಲೋ ಕಿಲುಬು ಹಿಡಿದಿದೆ ಅಥವಾ ಸಡಿಲವಾಗಿದೆ. ನೀರಿನಡಿಯ ಕೇಬಲ್ ಜಾಯಿಂಟಿನ ಮೇಲೆ ಮೊದಲ ಸಂಶಯ ಪಡಿ. ಅದಕ್ಕೂ ಮುನ್ನ ಪ್ಯಾನೆಲ್ಲಿನ ತುದಿಯನ್ನು ಉಜ್ಜಿ ಬಿಗಿಮಾಡಿ ಇನ್ನೊಮ್ಮೆ ಅಳೆದು ನೋಡಿ, ಎಷ್ಟೋ ಸಲ ದೋಷ ಅಲ್ಲೇ ಮುಗಿಯುತ್ತದೆ. ಅಳತೆ ಹೆಚ್ಚುವ ಬದಲು ಕಡಿಮೆಯಾಗಿದ್ದರೆ ಸುರುಳಿಯ ಕೆಲವು ಸುತ್ತುಗಳು ಒಂದಕ್ಕೊಂದು ಕೂಡಿಕೊಂಡಿರಬಹುದು. ಅಂಥ ಮೋಟಾರಿಗೆ ಯಾವ ಟ್ಯೂನಿಂಗೂ ಔಷಧವಲ್ಲ.

ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಓಡುತ್ತಿದ್ದ ಆರು ತಂತಿಯ ಮೋಟಾರಿಗೆ ಡ್ರೈವ್ ಹಾಕುವಾಗ ಆರೂ ತಂತಿಗಳನ್ನು ಪ್ಯಾನೆಲ್ಲಿನಲ್ಲಿ ಡೆಲ್ಟಾ ಮಾದರಿಯಲ್ಲಿ ಶಾಶ್ವತವಾಗಿ ಜೋಡಿಸಬೇಕು. ಕೈತಪ್ಪಿ ಸ್ಟಾರ್ ಆಗಿ ಜೋಡಿಸಿದರೆ ಮೋಟಾರಿನ ಬಲ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ಓಡಿಸದೆಯೇ ಪತ್ತೆಹಚ್ಚಬಹುದು: ಸ್ಟಾರ್ ಜೋಡಣೆಯಲ್ಲಿ ಸುರುಳಿಯ ರೋಧ ಡೆಲ್ಟಾದ ಮೂರು ಪಟ್ಟು ಕಾಣುತ್ತದೆ.

ರೋಧದ ನಂತರ ನಿರೋಧನ. ಇದಕ್ಕೆ 500 ವೋಲ್ಟಿನ ಮೆಗ್ಗರ್ ಬೇಕು. ತಂತಿಗಳು ಡ್ರೈವಿನಿಂದ ಪೂರ್ತಿ ಬಿಡುಗಡೆಯಾಗಿವೆಯೇ ಎಂದು ಇನ್ನೊಮ್ಮೆ ನೋಡಿ. ಡ್ರೈವ್ ಸೇರಿದಂತೆ ಮೆಗ್ಗರ್ ತಿರುಗಿಸಿದರೆ ಅದರೊಳಗಿನ ಅರೆವಾಹಕಗಳು ಆ ಕ್ಷಣವೇ ಹಾಳಾಗುತ್ತವೆ. ಒಂದು ಕಡ್ಡಿ ತಂತಿಗೆ, ಇನ್ನೊಂದು ಭೂಸಂಪರ್ಕಕ್ಕೆ. ಬೋರಿನೊಳಗಿರುವ ಮೋಟಾರು ಕೇಬಲ್ ಸಹಿತ 2 ಮೆಗಾಓಂಗಿಂತ ಹೆಚ್ಚು ತೋರಿದರೆ ಉತ್ತಮ. ಬಹುಕಾಲ ದುಡಿದ ಮೋಟಾರಿನಲ್ಲಿ ಅರ್ಧದಿಂದ 2 ಮೆಗಾಓಂ ಇದ್ದರೂ ಕೆಲಸ ನಡೆಯುತ್ತದೆ. ಅರ್ಧ ಮೆಗಾಓಂಗಿಂತ ಕೆಳಗೆ ಇಳಿದಿದ್ದರೆ ಟ್ಯೂನಿಂಗ್ ಮಾಡಲು ಹೋಗಬೇಡಿ. ಬೆಳೆ ಹೂವಿಗೆ ಬರುವ ಮುನ್ನವೇ, ನೀರಿನ ಅಗತ್ಯ ಕಡಿಮೆ ಇರುವಾಗ, ಮೋಟಾರನ್ನು ಎತ್ತಿಸಿ ನೋಡುವುದು ಲೇಸು.

ಟ್ಯೂನಿಂಗ್

ಹಳೆಯ ಸ್ಟಾರ್ಟರಿನ ಜೊತೆಗಿದ್ದ ಕಪಾಸಿಟರು ಡ್ರೈವ್ ಮತ್ತು ಮೋಟಾರಿನ ನಡುವೆ ಉಳಿದಿದ್ದರೆ ಅದನ್ನು ಕಳಚಲೇಬೇಕು. ಜಾಲದ ವಿದ್ಯುತ್ತಿಗೆ ಉಪಕಾರಿಯಾಗಿದ್ದ ಈ ಡಬ್ಬಿ ಡ್ರೈವಿನ ಮುಂದೆ ಶತ್ರು. ಅಳತೆಯೂ ಕೆಡುತ್ತದೆ, ಡ್ರೈವೂ ಕೆಡುತ್ತದೆ. ಉದ್ದ ಕೇಬಲ್ಲಿಗಾಗಿ ಡ್ರೈವಿನ ಹೊರತುದಿಗೆ ಚೋಕು ಅಥವಾ ಫಿಲ್ಟರು ಹಾಕುವುದಿದ್ದರೆ ಅದನ್ನು ಮೊದಲು ಹಾಕಿ ಆಮೇಲೆ ಟ್ಯೂನ್ ಮಾಡಬೇಕು.

ಮೋಟಾರು ತಣ್ಣಗಿರುವಾಗಲೇ ಈ ಕೆಲಸ ಆಗಬೇಕು. ಬೆಳಗಿನ ಹೊತ್ತು, ರಾತ್ರಿಯಿಡೀ ನಿಂತ ಮೋಟಾರಿಗೆ ಮಾಡುವುದು ಅನುಕೂಲ. ತಾಮ್ರದ ರೋಧ ಉಷ್ಣತೆ ಒಂದು ಡಿಗ್ರಿ ಏರಿದಂತೆ ಶೇಕಡಾ 0.39ರಷ್ಟು ಏರುತ್ತದೆ. ದುಡಿದು 40 ಡಿಗ್ರಿ ಹೆಚ್ಚು ಬಿಸಿಯಾದ ಸುರುಳಿಯ ರೋಧ ಸುಮಾರು ಶೇಕಡಾ 16 ಹೆಚ್ಚಿರುತ್ತದೆ. ಬಿಸಿ ಮೋಟಾರಿಗೆ ಹೊಂದಿಸಿದ ಡ್ರೈವ್ ಮರುದಿನ ತಣ್ಣನೆಯ ಮೋಟಾರಿಗೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ತಳ್ಳಿ, ಚಾಲೂ ಮಾಡಿದ ಕೂಡಲೇ ಓವರ್ ಕರೆಂಟ್ ಎಂದು ತಾನೇ ಟ್ರಿಪ್ ಆಗಬಹುದು. ಇಂಥ ಸಂದರ್ಭದಲ್ಲಿ 'ಡ್ರೈವ್ ಹೋಗಿದೆ' ಎಂದು ಹೊಸದಕ್ಕೆ ಹಣ ತೆರುವವರೂ ಇದ್ದಾರೆ.

ಫಲಕದ ಅಂಕಿಗಳನ್ನು ತುಂಬಿ, ನಿಂತ ಟ್ಯೂನಿಂಗ್ ಆಯ್ಕೆಮಾಡಿ, ಚಾಲೂ ಗುಂಡಿ ಒತ್ತಬೇಕು. ಮೋಟಾರಿನಿಂದ ಸಣ್ಣ ಗುಂಯ್ ಶಬ್ದ ಬರುತ್ತದೆ, ಆಳದ ಬೋರಿನಲ್ಲಿ ಅದೂ ಕೇಳಿಸದು. ಮೋಟಾರು ತಿರುಗುತ್ತಿಲ್ಲವೆಂದು ತಂತಿ ಮುಟ್ಟುವುದು ಪ್ರಾಣಾಪಾಯ. ಟ್ಯೂನಿಂಗ್ ನಡೆಯುವಾಗ ಮೂರೂ ತಂತಿಗಳಲ್ಲಿ ವಿದ್ಯುತ್ತು ಇರುತ್ತದೆ. ಕೆರೆಬಾವಿಯ ದಡದಲ್ಲಿ ಕೂಡಿಸಿದ ಮಾಮೂಲಿ ಮೋಟಾರಾದರೆ ಅಕ್ಷ ಕೊಂಚ ಕದಲಲೂಬಹುದು, ಕಪ್ಲಿಂಗಿನ ಹತ್ತಿರ ಕೈ ಇಡಬಾರದು.

ಮುಗಿದ ಮೇಲೆ ಡ್ರೈವ್ ಕಂಡುಕೊಂಡ ರೋಧವನ್ನು ಪರದೆಯಲ್ಲಿ ಓದಿ ನಾವು ಅಳೆದಿದ್ದರೊಡನೆ ಹೋಲಿಸಿ. ಡ್ರೈವುಗಳು ಸಾಮಾನ್ಯವಾಗಿ ಒಂದು ಫೇಸಿನ ರೋಧವನ್ನು ತೋರುತ್ತವೆ, ಅಂದರೆ ಎರಡು ತಂತಿಗಳ ನಡುವಿನ ಅಳತೆಯ ಅರ್ಧ. ನಮ್ಮ ಉದಾಹರಣೆಯಲ್ಲಿ 2.3 ಓಂನ ಆಸುಪಾಸು ಇರಬೇಕು. ಇದರಲ್ಲಿ ಕೇಬಲ್ಲಿನ ಪಾಲೂ ಸೇರಿರುವುದು ದೋಷವಲ್ಲ, ಹಾಗೆಯೇ ಇರಬೇಕು. ಡ್ರೈವ್ ಕೇಬಲ್ಲಿನ ಈ ತುದಿಯಿಂದ ಮೋಟಾರನ್ನು ನಡೆಸಬೇಕಾದುದರಿಂದ ನಡುವಿನ ಕುಸಿತ ಅದಕ್ಕೆ ತಿಳಿದಿರುವುದು ಅಗತ್ಯ. ಎರಡು ಅಂಕಿಗಳಿಗೂ ಬಹಳ ಅಂತರವಿದ್ದರೆ ಫಲಕದ ಅಂಕಿಗಳನ್ನು, ಬಿಗಿತಗಳನ್ನು ಮತ್ತೆ ನೋಡಿ ಇನ್ನೊಮ್ಮೆ ಮಾಡಿ.

ಶಾಶ್ವತ ಅಯಸ್ಕಾಂತದ ರೋಟರಿರುವ ಸೌರ ಪಂಪುಗಳಲ್ಲಿ ಒಂದು ಅಂಕಿ ಮಾತ್ರ ನಿಂತಲ್ಲಿ ಸಿಗದು. ರೋಟರು ತಿರುಗುವಾಗ ತಾನೇ ಹುಟ್ಟಿಸುವ ವೋಲ್ಟೇಜ್ ಅದು. ಅದನ್ನು ತಯಾರಕರು ಕೊಟ್ಟ ಕಾಗದದಿಂದಲೇ ತುಂಬಬೇಕು.

ಕಾಗದದ ಮೇಲೆ ಮಾಡುವ ಹೊಂದಾಣಿಕೆ

ಟ್ಯೂನಿಂಗ್‌ನಿಂದ ಡ್ರೈವಿಗೆ ಮೋಟಾರು ತಿಳಿಯಿತು, ಬಾವಿ ತಿಳಿಯಲಿಲ್ಲ. ಬಾವಿಯನ್ನು ನಾವೇ ತಿಳಿಸಬೇಕು. ಇದಕ್ಕೂ ಮೋಟಾರು ಓಡಿಸಬೇಕಾಗಿಲ್ಲ.

ಪಂಪು ಕೊಡುವ ನೀರು ವೇಗದ ಪ್ರಮಾಣದಲ್ಲಿ, ಎತ್ತುವ ಎತ್ತರ ವೇಗದ ವರ್ಗದ ಪ್ರಮಾಣದಲ್ಲಿ, ಬೇಡುವ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಬದಲಾಗುತ್ತವೆ. ಒಂದು ಪಂಪು 50 ಹರ್ಟ್ಸ್‌ನಲ್ಲಿ, ಹೊರದಾರಿ ಮುಚ್ಚಿದಾಗ, 130 ಮೀಟರ್‌ವರೆಗೆ ನೀರನ್ನು ಒತ್ತಬಲ್ಲದು ಎಂದುಕೊಳ್ಳಿ. ಈ ಅಂಕಿ ಪಂಪಿನ ಪಟ್ಟಿಯಲ್ಲಿರುತ್ತದೆ. ಪಂಪು ನಡೆಯುವಾಗ ನೀರಿನ ಮಟ್ಟ 80 ಮೀಟರ್ ಕೆಳಗಿದೆ, ನೆಲದ ಮೇಲೆ ತೊಟ್ಟಿಗೆ ಇನ್ನು 5 ಮೀಟರ್. ಒಟ್ಟು 85. ಇದನ್ನು 130ರಿಂದ ಭಾಗಿಸಿದರೆ 0.654, ಅದರ ವರ್ಗಮೂಲ 0.81. ಐವತ್ತರ 0.81 ಭಾಗ ಸುಮಾರು 40 ಹರ್ಟ್ಸ್. ಅದಕ್ಕಿಂತ ಕೆಳಗೆ ಪಂಪು ತಿರುಗುತ್ತದೆ, ಒಂದು ಹನಿಯೂ ಮೇಲೆ ಬಾರದು. ಹರಿಯದ ನೀರು ಮೋಟಾರನ್ನು ತಂಪು ಮಾಡದು, ಮೋಟಾರು ತನ್ನದೇ ಬಿಸಿಯಲ್ಲಿ ಬೇಯುತ್ತದೆ. ಆದುದರಿಂದ ಇಂಥ ಬೋರಿಗೆ ಕನಿಷ್ಠ ಆವರ್ತನವನ್ನು 42ರ ಸುಮಾರಿಗೆ ಇಟ್ಟು, ಅದಕ್ಕಿಂತ ಕೆಳಗೆ ಇಳಿದಾಗ ಪಂಪು ನಿಲ್ಲುವಂತೆ ಮಾಡಬೇಕು.

ಬೇಸಿಗೆಯಲ್ಲಿ ಮಟ್ಟ 100 ಮೀಟರ್‌ಗೆ ಇಳಿಯಿತು. ಈಗ 105ನ್ನು 130ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.9, ಅಂದರೆ 45 ಹರ್ಟ್ಸ್. ಚಳಿಗಾಲದಲ್ಲಿ ಇಟ್ಟ ಕನಿಷ್ಠ ಆವರ್ತನ ಏಪ್ರಿಲಿನಲ್ಲಿ ಸುಳ್ಳಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದ ನೀರು ಹತ್ತಾದರೂ ಬರಲಿಲ್ಲವೆಂದು ಸೌರ ಪಂಪಿನವರು ಫಲಕಗಳನ್ನು ದೂರುವಾಗ ಕಾರಣ ಬಾವಿಯ ಒಳಗೇ ಇರುವುದುಂಟು.

ಗರಿಷ್ಠ ಆವರ್ತನವನ್ನು 50ಕ್ಕೆ ನಿಲ್ಲಿಸಿ. ಹೆಚ್ಚು ನೀರಿನ ಆಸೆಯಿಂದ 55ಕ್ಕೆ ಏರಿಸುವವರಿದ್ದಾರೆ. ವೇಗ ಶೇಕಡಾ 10 ಹೆಚ್ಚಾದರೆ ಬೇಡುವ ಶಕ್ತಿ ಶೇಕಡಾ 33 ಹೆಚ್ಚುತ್ತದೆ, ಅದನ್ನು ಹೊರುವ ಮೋಟಾರು ಕೆಳಗಿಲ್ಲ.

ಸಬ್‌ಮರ್ಸಿಬಲ್ ಮೋಟಾರಿನ ಕೆಳತುದಿಯ ಒತ್ತು ಬೇರಿಂಗು ನೀರಿನ ತೆಳುಪದರದ ಮೇಲೆ ತೇಲುತ್ತದೆ. ವೇಗ ಸಾಲದಿದ್ದರೆ ಪದರ ಹುಟ್ಟದು, ಬೇರಿಂಗು ಉಜ್ಜಿಹೋಗುತ್ತದೆ. ಸೊನ್ನೆಯಿಂದ 30 ಹರ್ಟ್ಸ್‌ವರೆಗಿನ ಏರಿಕೆ ಸುಮಾರು ಒಂದು ಸೆಕೆಂಡಿನೊಳಗೆ ಮುಗಿಯಬೇಕು, ನಿಲ್ಲುವಾಗಲೂ ಹಾಗೆಯೇ. ಅಲ್ಲಿಂದ ಮೇಲಕ್ಕೆ ನಿಧಾನವಾಗಿ ಏರಲಿ, ಪೈಪಿಗೂ ಒಳ್ಳೆಯದು. ಕಾರ್ಖಾನೆಯಿಂದ ಬಂದ 10 ಅಥವಾ 20 ಸೆಕೆಂಡಿನ ಒಂದೇ ಏರಿಕೆಯನ್ನು ಹಾಗೆಯೇ ಬಿಡಬಾರದು.

ಓವರ್‌ಲೋಡ್ ಕರೆಂಟನ್ನು ಫಲಕದ ಅಂಕಿಗೇ ಇಡಿ. ಟ್ರಿಪ್ ಆಗುತ್ತಿದೆಯೆಂದು ಅದನ್ನು ಒಂದೊಂದೇ ಆಂಪಿಯರ್ ಏರಿಸುತ್ತಾ ಹೋಗುವುದು ರೋಗಿಯ ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರನ್ನು ಬದಲಿಸಿದಂತೆ.

ಡ್ರೈವ್ ಇಲ್ಲದವರಿಗೆ ಎರಡು ಮಾತು

ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲೂ ನಿಂತಲ್ಲಿಯೇ ಸರಿಪಡಿಸಬೇಕಾದ ಒಂದು ತಿರುಪಿದೆ. ಬಹುತೇಕ ಇಂಥ ಸ್ಟಾರ್ಟರುಗಳಲ್ಲಿ ಓವರ್‌ಲೋಡ್ ರಿಲೇ ಡೆಲ್ಟಾ ಸುತ್ತಿನ ಒಳಗೆ ಕುಳಿತಿರುತ್ತದೆ. ಅಲ್ಲಿ ಹರಿಯುವುದು ಹೊರ ತಂತಿಯ ಕರೆಂಟಿನ ಶೇಕಡಾ 58 ಮಾತ್ರ. ಫಲಕದಲ್ಲಿ 15 ಆಂಪಿಯರ್ ಇದ್ದರೆ ರಿಲೇಯನ್ನು 8.7ಕ್ಕೆ ಇಡಬೇಕು. 15ಕ್ಕೆ ಇಟ್ಟರೆ ಮೋಟಾರು ಸುಟ್ಟು ಬೂದಿಯಾದರೂ ರಿಲೇ ಅಲುಗದು. ರಿಲೇ ಎಲ್ಲಿದೆಯೆಂಬುದನ್ನು ಎಲೆಕ್ಟ್ರೀಷಿಯನ್ನರಿಂದ ತಿಳಿದುಕೊಂಡು ಇಂದೇ ನೋಡಿ.

ತೆರೆದ ಬಾವಿಯ ಬೆಲ್ಟು ಪಂಪುಗಳಲ್ಲಿ ಹೊಂದಿಸಬೇಕಾದುದು ಬೆಲ್ಟಿನ ಬಿಗಿ. ಎರಡು ಪುಲ್ಲಿಗಳ ನಡುವಿನ ಬೆಲ್ಟು ಒಂದು ಮೀಟರ್ ಇದ್ದರೆ ನಡುಮಧ್ಯದಲ್ಲಿ 16 ಮಿ.ಮೀ. ಬಾಗಬೇಕು, ಅರ್ಧ ಮೀಟರಿಗೆ 8 ಮಿ.ಮೀ. ಹೀಗೆ ಬಾಗಿಸಲು 'ಎ' ಗಾತ್ರದ ಬೆಲ್ಟಿಗೆ ಒಂದರಿಂದ ಒಂದೂವರೆ ಕಿಲೋ, 'ಬಿ' ಗಾತ್ರಕ್ಕೆ ಎರಡರಿಂದ ಮೂರು ಕಿಲೋ ಎಳೆತ ಸಾಕು. ಮನೆಯಲ್ಲಿರುವ ಸ್ಪ್ರಿಂಗ್ ತಕ್ಕಡಿಯನ್ನು ಬೆಲ್ಟಿಗೆ ಸಿಕ್ಕಿಸಿ ಎಳೆದರೆ ಲೆಕ್ಕ ಸಿಗುತ್ತದೆ. ಪುಲ್ಲಿಗಳ ಮುಖಕ್ಕೆ ಅಡ್ಡಲಾಗಿ ನೂಲು ಹಿಡಿದಾಗ ಅದು ನಾಲ್ಕೂ ಅಂಚುಗಳನ್ನು ಮುಟ್ಟಬೇಕು.

ಮತ್ತೆ ಟ್ಯೂನ್ ಮಾಡಬೇಕಾದ ಸಂದರ್ಭಗಳು

ಒಮ್ಮೆ ಮಾಡಿದ ಟ್ಯೂನಿಂಗ್ ವರ್ಷಗಟ್ಟಲೆ ನಡೆಯುತ್ತದೆ. ಆದರೆ ನೀರು ಇಳಿದು ಪೈಪು ಹಾಗೂ ಕೇಬಲ್ ಕೂಡಿಸಿದಾಗ, ಸುರುಳಿ ಸುತ್ತಿಸಿದಾಗ, ಮೋಟಾರು, ಡ್ರೈವ್ ಅಥವಾ ಫಿಲ್ಟರು ಬದಲಿಸಿದಾಗ ಮತ್ತೆ ಮಾಡಲೇಬೇಕು. ಮೊದಲ ಸಲದ ಮೂರು ರೋಧಗಳು ಮತ್ತು ಮೆಗ್ಗರಿನ ಅಂಕಿಯನ್ನು ದಿನಾಂಕ ಸಹಿತ ಬರೆದಿಟ್ಟಿದ್ದರೆ ಮುಂದಿನ ಸಲ ಹೋಲಿಸಲು ಬರುತ್ತದೆ. ವರ್ಷದಿಂದ ವರ್ಷಕ್ಕೆ ಮೆಗ್ಗರಿನ ಅಂಕಿ ಇಳಿಯುತ್ತಾ ಬಂದರೆ ಕೇಬಲ್ ಜಾಯಿಂಟಿಗೋ ಸುರುಳಿಗೋ ತೇವ ಸೇರುತ್ತಿದೆ ಎಂದು ತಿಳಿಯಬೇಕು. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ನಾಲ್ಕಾರು ಹಳ್ಳಿಗಳಿಗೆ ಒಂದು ಮೆಗ್ಗರನ್ನು ರೈತರ ಸಂಘದ ಮೂಲಕ ಇರಿಸಿಕೊಳ್ಳುವ ಏರ್ಪಾಡು ಮಾಡಿದರೆ ಬಹಳ ಉಪಯೋಗವಾದೀತು.

ನಿಂತ ಮೋಟಾರು ಹೇಳಲಾರದ ಸಂಗತಿ ಒಂದಿದೆ. ಅದು ತಿರುಗುವ ದಿಕ್ಕು. ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಿದ್ದರೂ ಎರಡು ತಂತಿ ಅದಲುಬದಲಾಗಿದ್ದರೆ ಪಂಪು ಹಿಮ್ಮುಖವಾಗಿ ತಿರುಗುತ್ತದೆ. ಆಗಲೂ ಸ್ವಲ್ಪ ನೀರು ಬರುವುದರಿಂದ ತಪ್ಪು ತಿಳಿಯದೆ ಹೋಗಬಹುದು. ಮೊದಲ ಬಾರಿ ಚಾಲೂ ಮಾಡಿದಾಗ ಒಂದು ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ. ಮೋಟಾರು ಪೂರ್ತಿ ನಿಂತ ಮೇಲೆ ಡ್ರೈವಿನಲ್ಲಿ ದಿಕ್ಕು ಬದಲಿಸಿ ಅದೇ ಆವರ್ತನದಲ್ಲಿ ಮತ್ತೊಮ್ಮೆ ತುಂಬಿಸಿ. ಬೇಗ ತುಂಬಿದ ದಿಕ್ಕನ್ನೇ ಕಾಯಂ ಮಾಡಿ.